ದಪ್ಪ ಕಾಳಿಗೆ ಹೆಚ್ಚು ದುಡ್ಡು ಯಾಕೆ? ಉಡುಪಿಯ ಅಂಗಡಿಯೊಂದರ ಉದ್ದಿನ ಬಿತ್ತನೆ ಬೀಜ

ಉಡುಪಿ ಪೇಟೆಯ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ, ಮುಂಗಾರು ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ, ಉದ್ದಿನ ಬಿತ್ತನೆ ಬೀಜ ಎರಡು ಬಗೆಯಲ್ಲಿ ಮಾರಾಟಕ್ಕೆ ಬರುತ್ತದೆ. ಒಂದು, ಬಾಯಿಗೆ ನೀಲಿ ಚೀಟಿ ಸೇರಿಸಿ ಹೊಲಿದ ಪ್ರಮಾಣಿತ ಬೀಜದ ಚೀಲ; ಟಿಎಯು-1 ತಳಿ, ಕಿಲೋಗೆ 150 ರೂಪಾಯಿ. ಇನ್ನೊಂದು, ತಿಳಿ ಹಸಿರು ಚೀಟಿಯ ಸಣ್ಣ ಪೊಟ್ಟಣ. ಅದರ ಮೇಲೆ ‘ದಪ್ಪ ಕಾಳು, ಅಧಿಕ ಇಳುವರಿ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ, ಬೆಲೆ ಕಿಲೋಗೆ 190. ಎರಡನ್ನೂ ತಂದು, ಜೊತೆಗೆ ನೆರೆಮನೆಯವರು ಬೂದಿ ಬೆರೆಸಿ ಡಬ್ಬಿಯಲ್ಲಿ ಕಾಪಿಟ್ಟಿದ್ದ ಊರ ಉದ್ದನ್ನೂ ಕೇಳಿ ಪಡೆದು, ಒಂದೇ ಮಜಲು ಗದ್ದೆಯಲ್ಲಿ (ಎತ್ತರಕ್ಕೂ ತಗ್ಗಿಗೂ ನಡುವಿನ ಮಟ್ಟದ ಗದ್ದೆ) ಪಕ್ಕಪಕ್ಕದ ಪಟ್ಟಿಗಳಲ್ಲಿ ಬಿತ್ತಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಕಿಲೋಗೆ 40 ರೂಪಾಯಿ ಹೆಚ್ಚು ಕೊಟ್ಟರೆ ಗದ್ದೆಗೆ ನಿಜವಾಗಿ ಏನು ಸಿಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಪೊಟ್ಟಣ ಬಿಚ್ಚಿದಾಗ ದಪ್ಪ ಕಾಳಿನ ಉದ್ದು ಕಣ್ಣಿಗೆ ಹಿತವಾಗಿ ಕಂಡಿತು ಎಂಬುದನ್ನು ಒಪ್ಪಬೇಕು. ಮಾಸಲು ಕಪ್ಪು ಸಿಪ್ಪೆ, ನಡುವೆ ಬಿಳಿಯ ಕಣ್ಣು, ಎಲ್ಲ ಕಾಳೂ ಒಂದೇ ಗಾತ್ರ. ಸುಕ್ಕುಗಟ್ಟಿದ್ದು, ಒಡೆದದ್ದು, ಕುಟ್ಟೆ ಹುಳು ಕೊರೆದದ್ದು ಒಂದೂ ಕಾಣಲಿಲ್ಲ. ನೂರು ಕಾಳು ಎಣಿಸಿ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟಾಗ 5.3 ಗ್ರಾಂ ತೂಗಿತು. ನೀಲಿ ಚೀಟಿಯ ಚೀಲದ ನೂರು ಕಾಳು 4.7 ಗ್ರಾಂ, ಅದರಲ್ಲಿ ದೊಡ್ಡವೂ ಚಿಕ್ಕವೂ ಬೆರೆತಿದ್ದವು, ಆದರೆ ಜೊಳ್ಳು ಇರಲಿಲ್ಲ. ಊರ ಉದ್ದು 3.5 ಗ್ರಾಂ. ಅಂಗಡಿಯ ಮೇಜಿನ ಮೇಲೆ ಈ ಮೂರನ್ನು ಸಾಲಾಗಿ ಸುರಿದರೆ ಯಾವ ರೈತನ ಕೈಯಾದರೂ ಮೊದಲು ದಪ್ಪ ಕಾಳಿನ ಕಡೆಗೇ ಹೋಗುತ್ತದೆ. ವ್ಯಾಪಾರಕ್ಕೆ ಅಷ್ಟು ಸಾಕು.

ಪೊಟ್ಟಣದ ದೊಡ್ಡ ಕೊರತೆ ಅದರ ಚೀಟಿಯಲ್ಲಿದೆ. ತಳಿಯ ಹೆಸರು ಇರಬೇಕಾದ ಜಾಗದಲ್ಲಿ ‘ಸುಧಾರಿತ’ ಎಂದು ಮಾತ್ರ ಬರೆದಿದ್ದಾರೆ. ನಮ್ಮಲ್ಲಿ ಬೀಜ ಕಾಯಿದೆ ಬಂದದ್ದು 1966ರಲ್ಲಿ. ಅಂದಿನಿಂದಲೂ ಬೀಜದ ಚೀಟಿಯ ಮೇಲೆ ಬೆಳೆ ಯಾವುದು, ತಳಿ ಯಾವುದು, ಮೊಳಕೆಯ ಪ್ರಮಾಣ ಎಷ್ಟು, ಪರೀಕ್ಷೆ ಯಾವಾಗ ನಡೆಯಿತು ಎಂಬ ವಿವರಗಳಿಗೆ ಅರ್ಥವಿರುವುದು ಕೊಳ್ಳುವವನು ಕಾಳನ್ನು ನೋಡಿ ಅದರೊಳಗಿನ ಗುಣವನ್ನು ತಿಳಿಯಲಾರ ಎಂಬ ಕಾರಣಕ್ಕೆ. ಮೊಳಕೆ, ತೇವಾಂಶ, ಶುದ್ಧತೆ ಎಲ್ಲವನ್ನೂ ಬರೆದು ತಳಿಯನ್ನು ಬಿಟ್ಟರೆ ಮುಖ್ಯವಾದದ್ದನ್ನೇ ಬಿಟ್ಟಂತೆ. ನಾನು ಇದನ್ನು ಕೇಳಿದಾಗ ಅಂಗಡಿಯವರು ಮುಚ್ಚುಮರೆ ಮಾಡಲಿಲ್ಲ. “ಅದೇ ಟಿಎಯು-1 ರಾಶಿ ಮಾರಾಯ್ರೆ, ಜರಡಿ ಮಾತ್ರ ಬೇರೆ” ಎಂದರು. ದೊಡ್ಡ ಕಣ್ಣಿನ ಜರಡಿಯ ಮೇಲೆ ಉಳಿದ ಕಾಳು ಹಸಿರು ಚೀಟಿಯ ಪೊಟ್ಟಣಕ್ಕೆ ಹೋಗುತ್ತದೆ ಎಂದಾಯಿತು. ಗಿಡಗಳ ಎಲೆಯ ಬಣ್ಣ, ಹೂ ಬಿಟ್ಟ ಸಮಯ, ಕಾಯಿಯ ರೂಪ ಎಲ್ಲವೂ ಎರಡು ಪಟ್ಟಿಗಳಲ್ಲಿ ಒಂದೇ ಆಗಿದ್ದುದರಿಂದ ಅವರ ಮಾತನ್ನು ನಂಬಲು ಅಡ್ಡಿಯಿಲ್ಲ.

ಈ ಒಂದು ಮಾತಿನಿಂದ ಎರಡು ಬೀಜಗಳ ಹೋಲಿಕೆಯ ಸ್ವರೂಪವೇ ಬದಲಾಗುತ್ತದೆ. ಒಂದೇ ತಳಿಯ ದೊಡ್ಡ ಕಾಳು ಮತ್ತು ಸಾಧಾರಣ ಕಾಳು ಎಂದರೆ ವಂಶವಾಹಿಗಳು ಬಹುಮಟ್ಟಿಗೆ ಒಂದೇ, ಗಾತ್ರ ಮಾತ್ರ ಬೇರೆ. ಉದ್ದು ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೂ ಪೂರ್ತಿ ಅರಳುವ ಮೊದಲೇ ಅದರ ಪರಾಗ ಅದರದೇ ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ತಗಲಿರುತ್ತದೆ. ಆದ್ದರಿಂದ ಶುದ್ಧವಾದ ಒಂದು ತಳಿಯೊಳಗೆ ಗಿಡದಿಂದ ಗಿಡಕ್ಕೆ ಆನುವಂಶಿಕ ವ್ಯತ್ಯಾಸ ತೀರಾ ಕಡಿಮೆ. ಹಾಗಿದ್ದರೆ ಒಂದೇ ರಾಶಿಯಲ್ಲಿ ದೊಡ್ಡ ಕಾಳು, ಸಣ್ಣ ಕಾಳು ಎರಡೂ ಬರುವುದು ಹೇಗೆ? ಕಾಯಿ ಗಿಡದ ಬುಡದಲ್ಲಿತ್ತೋ ತುದಿಯಲ್ಲಿತ್ತೋ, ಕಾಳು ತುಂಬುವ ಸಮಯದಲ್ಲಿ ಮಣ್ಣಿನಲ್ಲಿ ಪಸೆ ಎಷ್ಟಿತ್ತು, ಫೆಬ್ರವರಿ ಕೊನೆಯ ಬಿಸಿಲು ಎಷ್ಟು ಬೇಗ ಏರಿತು ಎಂಬಂಥ ಸಂಗತಿಗಳೇ ಅದನ್ನು ನಿರ್ಧರಿಸುತ್ತವೆ. ಒಂದೇ ಗಿಡದ ಒಂದೇ ಕಾಯಿಯೊಳಗೂ ತುದಿಯ ಕಾಳು ಚಿಕ್ಕದಾಗಿರುವುದುಂಟು.

ಇದನ್ನು ಒಂದು ದ್ವಿದಳ ಬೆಳೆಯಲ್ಲೇ ಮೊದಲು ಪರೀಕ್ಷಿಸಿ ತೋರಿಸಿದವರು ಡೆನ್ಮಾರ್ಕಿನ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಯೊಹಾನ್ಸನ್. ‘ಪ್ರಿನ್ಸೆಸ್’ ಎಂಬ ಹುರುಳಿಕಾಯಿ ತಳಿಯ, ಅಂದರೆ ನಾವು ಬೀನ್ಸ್ ಎನ್ನುವ ಬೆಳೆಯ, ಬೀಜಗಳನ್ನು ಕೊಂಡು, ಒಂದೊಂದು ಗಿಡದ ಸಂತತಿಯನ್ನು ಬೇರೆಬೇರೆಯಾಗಿ ಬೆಳೆಸಿ ಅವರು 19 ಶುದ್ಧ ವಂಶಗಳನ್ನು ಗುರುತಿಸಿದರು. ಕೆಲವು ವಂಶಗಳ ಕಾಳು ತಲೆಮಾರಿನಿಂದ ತಲೆಮಾರಿಗೆ ದೊಡ್ಡದಾಗಿಯೇ ಉಳಿಯಿತು, ಕೆಲವುಗಳದ್ದು ಚಿಕ್ಕದಾಗಿಯೇ ಉಳಿಯಿತು. ಆದರೆ ಒಂದೇ ವಂಶದೊಳಗೆ ದೊಡ್ಡ ಕಾಳನ್ನೇ ಆರಿಸಿ ಬಿತ್ತಿದರೂ, ಸಣ್ಣದನ್ನೇ ಆರಿಸಿ ಬಿತ್ತಿದರೂ, ಮುಂದಿನ ಬೆಳೆಯ ಕಾಳಿನ ಸರಾಸರಿ ತೂಕದಲ್ಲಿ ವ್ಯತ್ಯಾಸ ಬರಲಿಲ್ಲ. ಹಲವು ತಲೆಮಾರು ಹೀಗೇ ಆರಿಸುತ್ತಾ ಹೋದರೂ ಬರಲಿಲ್ಲ. ಅವರು ಇದನ್ನು ಪ್ರಕಟಿಸಿದ್ದು 1903ರಲ್ಲಿ. ವಂಶವಾಹಿಗೆ ಇಂದು ಎಲ್ಲರ ಬಾಯಲ್ಲಿರುವ ‘ಜೀನ್’ ಎಂಬ ಹೆಸರನ್ನು 1909ರಲ್ಲಿ ಕೊಟ್ಟವರೂ ಅವರೇ. ಅದೇ ಬೀನ್ಸ್ ಬೆಳೆಯಲ್ಲಿ ಅಮೆರಿಕದ ಕಾರ್ಲ್ ಸ್ಯಾಕ್ಸ್ 1923ರಲ್ಲಿ ಕಾಳಿನ ಸಿಪ್ಪೆಯ ಬಣ್ಣಕ್ಕೂ ಕಾಳಿನ ತೂಕಕ್ಕೂ ನಂಟಿದೆ ಎಂದು ತೋರಿಸಿದರು. ಬಣ್ಣದ ಜೀನಿನ ಜೊತೆ ತೂಕದ ಮೇಲೆ ಪ್ರಭಾವ ಬೀರುವ ಜೀನುಗಳೂ ಸಾಗಿಬರುತ್ತವೆ ಎಂಬುದು ಅದರ ತಾತ್ಪರ್ಯ. ಹೀಗಾಗಿ ಕಾಳಿನ ಗಾತ್ರ ವಂಶವಾಹಿಯ ಹಿಡಿತದಲ್ಲಿದೆ ಎಂಬುದರಲ್ಲಿ ಅನುಮಾನವಿಲ್ಲ; ಅನುಮಾನವಿರುವುದು ಜರಡಿಯಿಂದ ವಂಶವಾಹಿಯನ್ನು ಆರಿಸಬಹುದು ಎಂಬ ನಂಬಿಕೆಯ ಬಗ್ಗೆ.

ನನ್ನ ಗದ್ದೆಯಲ್ಲಿ ಕಂಡದ್ದೂ ಅದಕ್ಕೆ ಹೊಂದಿಕೊಂಡಿತು. 5.3 ಗ್ರಾಮಿನ ಕಾಳು ಬಿತ್ತಿದ ಪಟ್ಟಿಯಿಂದ ಬಂದ ಫಸಲಿನ ನೂರು ಕಾಳು 4.6 ಗ್ರಾಂ, 4.7 ಗ್ರಾಮಿನದ್ದು ಬಿತ್ತಿದ ಪಟ್ಟಿಯದ್ದೂ 4.6 ಗ್ರಾಂ. ಊರ ಉದ್ದು 3.4 ಗ್ರಾಮಿಗೆ ನಿಂತಿತು. ಒಂದು ಗದ್ದೆಯ ಮೂರು ಪಟ್ಟಿಗಳನ್ನು ಪ್ರಯೋಗ ಎಂದು ಕರೆಯುವ ಧೈರ್ಯ ನನಗಿಲ್ಲ, ಆದರೆ ಕೊಂಡ ಮಾಲಿನ ಬಗ್ಗೆ ಅಭಿಪ್ರಾಯ ಹೇಳಲು ಇಷ್ಟು ಸಾಕು.

ಹಾಗೆಂದು ದಪ್ಪ ಕಾಳಿನಿಂದ ಪ್ರಯೋಜನವೇ ಇಲ್ಲ ಎಂದು ಹೇಳಿದರೆ ಪೊಟ್ಟಣಕ್ಕೆ ಅನ್ಯಾಯವಾಗುತ್ತದೆ. ಮೊಳಕೆಯ ಹಂತದಲ್ಲಿ ಅದು ಖಂಡಿತ ಮುಂದಿತ್ತು. ಬೀಜದೊಳಗಿನ ಎರಡು ಬೇಳೆಗಳೇ ಸಸಿಯ ಮೊದಲ ಬುತ್ತಿ. ಬುತ್ತಿ ದೊಡ್ಡದಿದ್ದಷ್ಟೂ ಮೊದಲ ಎಲೆಗಳು ಅಗಲವಾಗಿ ಬರುತ್ತವೆ, ಬೇರು ಬೇಗ ಕೆಳಕ್ಕೆ ಇಳಿಯುತ್ತದೆ. ಕರಾವಳಿಯಲ್ಲಿ ಇದಕ್ಕೆ ಬೆಲೆಯಿದೆ. ನಾವು ಉದ್ದು ಬಿತ್ತುವುದು ಭತ್ತ ಕೊಯ್ದ ಗದ್ದೆಯಲ್ಲಿ ಉಳಿದ ಪಸೆಯನ್ನು ನಂಬಿ. ಉತ್ತು ಬಿಟ್ಟ ಮೇಲೆ ಮೇಲ್ಮಣ್ಣು ಕೆಲವೇ ದಿನಗಳಲ್ಲಿ ಒಣಗುತ್ತದೆ, ಆಮೇಲೆ ಮಳೆ ಬರುವ ಭರವಸೆಯಿಲ್ಲ. ಸ್ವಲ್ಪ ಆಳಕ್ಕೆ ಬಿದ್ದ ಬೀಜ ಮೇಲೆ ಬರಲು, ಪಸೆ ಇಳಿಯುವ ವೇಗಕ್ಕೆ ಸರಿಯಾಗಿ ಬೇರು ಇಳಿಸಲು, ತುಂಬಿದ ಕಾಳು ಸಹಾಯಕ್ಕೆ ಬರುತ್ತದೆ. ಆದರೆ ಇದರಲ್ಲೂ ಒಂದು ತೊಡಕಿದೆ. ತೊಗರಿ, ಕಡಲೆಗಳ ಬೇಳೆ ಮಣ್ಣೊಳಗೇ ಉಳಿದು ಚಿಗುರು ಮಾತ್ರ ಮೇಲೆ ಬರುತ್ತದೆ. ಉದ್ದು, ಹೆಸರು, ಅಲಸಂಡೆಗಳಲ್ಲಿ ಬೇಳೆಗಳೇ ಮಣ್ಣನ್ನು ಸೀಳಿಕೊಂಡು ಮೇಲೆ ಬರಬೇಕು. ಮಜಲು ಗದ್ದೆಯ ಮಣ್ಣು ಹದ ತಪ್ಪಿ ಮೇಲ್ಪದರ ಹೆಪ್ಪುಗಟ್ಟಿದರೆ ದೊಡ್ಡ ಬೇಳೆಗೇ ಮೇಲೆ ಬರುವುದು ಕಷ್ಟ. ಗದ್ದೆಯ ಒಂದು ಮೂಲೆಯಲ್ಲಿ, ಟಿಲ್ಲರ್ ತಿರುಗಿದ ಜಾಗದಲ್ಲಿ, ದಪ್ಪ ಕಾಳಿನ ಸಸಿಗಳು ಕುತ್ತಿಗೆ ಮುರಿದುಕೊಂಡು ಸತ್ತಿದ್ದವು. ಅದೇ ಸಾಲಿನ ಮುಂದಿನ ಭಾಗದಲ್ಲಿ ನೆರೆಮನೆಯವರ ಸಣ್ಣ ಕಾಳು ಬಿರುಕು ಹುಡುಕಿಕೊಂಡು ಹೊರಗೆ ಬಂದಿತ್ತು.

ಹೂ ಬರುವ ಹೊತ್ತಿಗೆ ದಪ್ಪ ಕಾಳಿನ ಮುನ್ನಡೆ ಕರಗಿ ಹೋಯಿತು. ಎರಡು ಟಿಎಯು-1 ಪಟ್ಟಿಗಳ ನಡುವಿನ ಗೂಟ ಕಿತ್ತು ಬಿಟ್ಟರೆ ಯಾವುದು ಯಾವುದೆಂದು ನಾನೇ ಹೇಳಲಾರದಷ್ಟು ಅವು ಒಂದೇ ಆಗಿದ್ದವು. ಬಿತ್ತನೆ ತಡವಾದಾಗ ಅಥವಾ ಪಸೆ ತೀರಾ ಕಡಿಮೆಯಿದ್ದಾಗ ಮೊದಲ ವಾರಗಳ ಮುನ್ನಡೆ ಕೊಯ್ಲಿನವರೆಗೂ ಉಳಿಯಬಹುದು. ಸಕಾಲದಲ್ಲಿ, ಹದವಾದ ಗದ್ದೆಯಲ್ಲಿ ಬಿತ್ತಿದಾಗ ಗಿಡಗಳು ಪರಸ್ಪರ ನೆರಳು ಹಾಕುವ ಹೊತ್ತಿಗೆ ಲೆಕ್ಕ ಸಮವಾಗುತ್ತದೆ.

ಇಳುವರಿ ಎಂಬುದು ಕಾಳಿನ ತೂಕ ಒಂದರಿಂದಲೇ ಬರುವುದಲ್ಲ. ಒಂದು ಚದರ ಮೀಟರಿನಲ್ಲಿ ಎಷ್ಟು ಗಿಡ, ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು, ಕಾಳಿಗೆ ಎಷ್ಟು ತೂಕ, ಈ ನಾಲ್ಕನ್ನೂ ಗುಣಿಸಿದರೆ ಬರುವುದು ಇಳುವರಿ. ಕಾಗದದ ಮೇಲೆ ಲೆಕ್ಕ ಹಾಕೋಣ: ಚದರ ಮೀಟರಿಗೆ 33 ಗಿಡ, ಗಿಡಕ್ಕೆ 15 ಕಾಯಿ, ಕಾಯಿಗೆ 6 ಕಾಳು, ನೂರು ಕಾಳಿಗೆ 4 ಗ್ರಾಂ ಎಂದರೆ ಸುಮಾರು 119 ಗ್ರಾಂ ಫಸಲು. ಇನ್ನೊಂದು ತಳಿಯ ನೂರು ಕಾಳು 5 ಗ್ರಾಂ ತೂಗಿ, ಕಾಯಿ 12 ಮಾತ್ರ ಹಿಡಿದರೆ ಆಗಲೂ ಅದೇ 119 ಗ್ರಾಂ. ಗಿಡದ ಎಲೆಗಳು ತಯಾರಿಸುವ ಆಹಾರಕ್ಕೆ ಒಂದು ಮಿತಿಯಿದೆ. ಅದನ್ನು ಹೆಚ್ಚು ಕಾಳುಗಳಿಗೆ ಹಂಚಿದರೆ ಕಾಳು ಸಣ್ಣದಾಗುತ್ತದೆ, ಕಡಿಮೆ ಕಾಳಿಗೆ ಹಂಚಿದರೆ ದೊಡ್ಡದಾಗುತ್ತದೆ. ದ್ವಿದಳ ಬೆಳೆಗಳಲ್ಲಿ ತಳಿ ಅಭಿವೃದ್ಧಿ ಮಾಡುವವರು ಕಾಳಿನ ತೂಕವನ್ನು ಸುಲಭವಾಗಿ ಹೆಚ್ಚಿಸಬಲ್ಲರು, ಏಕೆಂದರೆ ಆ ಗುಣ ತಾಯಿ ಗಿಡದಿಂದ ಸಂತತಿಗೆ ಬಹುಮಟ್ಟಿಗೆ ತಪ್ಪದೆ ಸಾಗುತ್ತದೆ. ಆದರೆ ಎಕರೆಗೆ ಇಷ್ಟು ಕಿಲೋ ಎಂಬ ಇಳುವರಿ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಏಕೆಂದರೆ ಅದರ ಹಿಂದೆ ಅನೇಕ ಜೀನುಗಳೂ ಅವುಗಳ ಜೊತೆಗೆ ಮಣ್ಣು, ಬಿಸಿಲು, ನೀರು, ರೋಗಗಳೂ ಇವೆ. ಊರ ಉದ್ದಿನ ಪಟ್ಟಿಯಲ್ಲಿ ಗಿಡಕ್ಕೆ ಕಾಯಿ ಎದ್ದು ಕಾಣುವಷ್ಟು ಹೆಚ್ಚಿತ್ತು. ಕಾಳಿನ ತೂಕದಲ್ಲಿ ಕಂಡ ದೊಡ್ಡ ಅಂತರ ರಾಶಿಯ ತೂಕಕ್ಕೆ ಬರುವಾಗ ಅರ್ಧಕ್ಕೂ ಕಡಿಮೆಯಾಗಿತ್ತು. ಗೆದ್ದದ್ದು ಟಿಎಯು-1 ಪಟ್ಟಿಗಳೇ. ಆದರೆ ಆ ಎರಡರ ನಡುವೆ ಗೆಲುವು ಸೋಲು ಎನ್ನುವಂಥದ್ದು ಏನೂ ಇರಲಿಲ್ಲ.

ಟಿಎಯು-1ರ ಬಗ್ಗೆಯೂ ಒಂದೆರಡು ಮಾತು. ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಅಕೋಲದ ಕೃಷಿ ವಿಶ್ವವಿದ್ಯಾಲಯ ಸೇರಿ ಹೊರತಂದ ತಳಿ ಇದು, 1985ರಲ್ಲಿ ಬಿಡುಗಡೆಯಾಯಿತು. ಹಳೆಯ ಟಿ-9 ತಳಿಯನ್ನು ವಿಕಿರಣದಿಂದ ಹುಟ್ಟಿದ ಮಾರ್ಪಟ್ಟ ತಳಿಯೊಂದರ ಜೊತೆ ಸಂಕರಿಸಿ ಪಡೆದದ್ದು, ಕಾಳು ದಪ್ಪ. ಇಲ್ಲಿನ ದಪ್ಪ ಜೀನಿನಲ್ಲಿ ಇರುವುದು, ಆದ್ದರಿಂದ ಅದು ಮುಂದಿನ ಬೆಳೆಗೂ ಬರುತ್ತದೆ. ಜರಡಿಯಿಂದ ಪಡೆದ ದಪ್ಪಕ್ಕೆ ಆ ಗುಣವಿಲ್ಲ. ಆದರೆ ಹಳದಿ ನಂಜು ರೋಗಕ್ಕೆ ಟಿಎಯು-1 ತುತ್ತಾಗುತ್ತದೆ. ಬಿಳಿ ನೊಣ ಹರಡುವ ಈ ವೈರಸ್ ರೋಗ ಎಳೆ ಗಿಡಕ್ಕೆ ಬಂತೆಂದರೆ ಎಲೆ ಹಳದಿಯಾಗಿ ಕಾಯಿ ಕಟ್ಟುವುದೇ ಕುಂಠಿತವಾಗುತ್ತದೆ. ಕಾಳು ಎಷ್ಟು ದಪ್ಪವಿದ್ದರೂ ಅದಕ್ಕೆ ತಡೆಯಿಲ್ಲ. ತಡೆಯುವ ಶಕ್ತಿ ಬರಬೇಕಾದದ್ದು ತಳಿಯಿಂದಲೇ. ಚಳಿಗಾಲದ ಇಬ್ಬನಿಯ ದಿನಗಳಲ್ಲಿ ಬರುವ ಬೂದಿ ರೋಗದ ಕಥೆಯೂ ಅಷ್ಟೇ. ನನ್ನ ಗದ್ದೆಯಲ್ಲಿ ಅದು ಬಂದಾಗ 190 ರೂಪಾಯಿಯ ಪಟ್ಟಿಗೂ 150 ರೂಪಾಯಿಯ ಪಟ್ಟಿಗೂ ಭೇದ ಮಾಡಲಿಲ್ಲ. ಅಂಗಡಿಯವರು ರೋಗ ನಿರೋಧಕ ತಳಿಗಳನ್ನೂ ತರಿಸಿಟ್ಟಿದ್ದರೆ ಈ ವಿಮರ್ಶೆ ಇನ್ನಷ್ಟು ಉದಾರವಾಗಿರುತ್ತಿತ್ತು. ಯಾವ ತಳಿ ನಮ್ಮ ಗದ್ದೆಗೆ ಒಗ್ಗುತ್ತದೆ ಎಂದು ಕೇಳಲು ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇದೆ. ಚೀಲ ಕೊಳ್ಳುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಖರ್ಚಿನ ಲೆಕ್ಕಕ್ಕೆ ಬಂದರೆ ದಪ್ಪ ಕಾಳು ಎರಡು ಬಗೆಯಲ್ಲಿ ದುಬಾರಿ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇಟ್ಟರೆ ಎಕರೆಗೆ ಸುಮಾರು 1.35 ಲಕ್ಷ ಗಿಡಗಳಾಗುತ್ತವೆ. ಪ್ರಮಾಣಿತ ಉದ್ದಿನ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಶೇಕಡಾ 75. ಆ ಲೆಕ್ಕದಲ್ಲಿ 4.7 ಗ್ರಾಮಿನ ಕಾಳು ಎಕರೆಗೆ ಸುಮಾರು 8.5 ಕಿಲೋ ಬೇಕು, 5.3 ಗ್ರಾಮಿನದ್ದು 9.5 ಕಿಲೋ ಬೇಕು, ಊರ ಉದ್ದಾದರೆ 6.3 ಕಿಲೋ ಸಾಕು. ಕಿಲೋಗೆ ಬೆಲೆಯೂ ಹೆಚ್ಚು, ಎಕರೆಗೆ ಬೇಕಾಗುವ ಕಿಲೋವೂ ಹೆಚ್ಚು. ಎರಡೂ ಸೇರಿ ಎಕರೆಗೆ 500 ರೂಪಾಯಿಗೂ ಮಿಕ್ಕಿದ ಅಂತರ ಬೀಳುತ್ತದೆ. ಎಲ್ಲಾ ಪೊಟ್ಟಣಗಳ ಹಿಂಬದಿಯಲ್ಲಿ ‘ಎಕರೆಗೆ ಇಷ್ಟು ಕಿಲೋ’ ಎಂಬ ಒಂದೇ ಸಂಖ್ಯೆ ಅಚ್ಚು ಮಾಡುವುದು ಸರಿಯಲ್ಲ. ಒಂದೇ ತೂಕಕ್ಕೆ ದಪ್ಪ ಕಾಳು ಬಿತ್ತಿದವನ ಗದ್ದೆಯಲ್ಲಿ ಗಿಡ ತೆಳುವಾಗಿ, ಇಳುವರಿ ಕಡಿಮೆಯಾದರೂ ಆಶ್ಚರ್ಯವಿಲ್ಲ.

ಉದ್ದಿನಲ್ಲಿ ಇದು ನೂರರ ಲೆಕ್ಕ. ಕುಂದಾಪುರ, ಬೈಂದೂರು ಕಡೆಯ ಮರಳು ಗದ್ದೆಗಳಲ್ಲಿ ನೆಲಗಡಲೆ ಹಾಕುವವರಿಗೆ ಇದು ಸಾವಿರಗಳ ಲೆಕ್ಕ. ಅದೇ ಅಂತರದಲ್ಲಿ ಬಿತ್ತಿ, ನೂರು ಬೀಜಕ್ಕೆ 35 ಗ್ರಾಂ ತೂಗುವ ಸಣ್ಣ ಕಾಳಿನ ತಳಿಗೆ ಎಕರೆಗೆ 47 ಕಿಲೋ ಬೀಜ ಬೇಕಾದರೆ, 60 ಗ್ರಾಂ ತೂಗುವ ದಪ್ಪ ತಳಿಗೆ 81 ಕಿಲೋ ಬೇಕು. ಮೊಳಕೆಯ ನಷ್ಟ ಇದರ ಮೇಲೆ. 1940ರಷ್ಟು ಹಿಂದೆ ಬಿಡುಗಡೆಯಾದ ಸಣ್ಣ ಕಾಳಿನ ಟಿಎಂವಿ-2 ಇಷ್ಟು ಕಾಲ ರೈತರ ಕೈಬಿಡದೆ ಉಳಿದುದಕ್ಕೆ ಕಡಿಮೆ ಬೀಜ ಸಾಕಾಗುವುದೂ ಒಂದು ಕಾರಣ ಎಂಬುದು ನನ್ನ ಎಣಿಕೆ. ಅದೇ ಟ್ರಾಂಬೆಯಲ್ಲಿ ಎಕ್ಸ್-ಕಿರಣ ಹಾಯಿಸಿ ಪಡೆದ ದಪ್ಪ ಕಾಳಿನ ಟಿಜಿ-1 ಬಂದದ್ದು 1973ರಲ್ಲಿ. ಆ ಸಾಲಿನ ದಪ್ಪ ತಳಿಗಳಿಗೆ ತಿನ್ನುವ ನೆಲಗಡಲೆಯ ಮಾರುಕಟ್ಟೆಯಲ್ಲಿ ಬೆಲೆ ಇದೆ. ಮಾರುವಾಗ ದಪ್ಪಕ್ಕೆ ಸಿಗುವ ಬೆಲೆ ಮತ್ತು ಬಿತ್ತುವಾಗ ದಪ್ಪಕ್ಕೆ ಕೊಡುವ ಬೆಲೆ, ಈ ಎರಡನ್ನೂ ತೂಗಿ ನೋಡಬೇಕು.

ಉದ್ದಿಗೂ ಇದು ಅನ್ವಯಿಸುತ್ತದೆ. ಗಿರಣಿಯವರು ದಪ್ಪ ಕಾಳನ್ನು ಇಷ್ಟಪಡುವುದಕ್ಕೆ ನ್ಯಾಯವಾದ ಕಾರಣವಿದೆ: ಕಾಳು ದೊಡ್ಡದಾದಷ್ಟೂ ಸಿಪ್ಪೆಯ ಪಾಲು ಕಡಿಮೆ, ಬೇಳೆಯ ಪಾಲು ಹೆಚ್ಚು. ಆದರೆ ಉಡುಪಿಯ ಮನೆಗಳಲ್ಲಿ ಕೊಟ್ಟೆ ಕಡುಬಿಗೆ, ಮೂಡೆಗೆ, ಹಬ್ಬದ ಇಡ್ಲಿಗೆ ಊರ ಉದ್ದೇ ಬೇಕು, ಹಿಟ್ಟು ಉಬ್ಬುವುದು ಅದರಿಂದಲೇ ಎನ್ನುವವರು ಇನ್ನೂ ಇದ್ದಾರೆ. ಅಂಥವರು ಸಣ್ಣ ಕಾಳಿಗೆ ಪೇಟೆಯ ದರಕ್ಕಿಂತ ಹೆಚ್ಚು ಕೊಡಲು ಹಿಂಜರಿಯುವುದಿಲ್ಲ. ಹೀಗಾಗಿ ಕಿಲೋ ಲೆಕ್ಕದಲ್ಲಿ ಸೋತ ನೆರೆಮನೆಯವರ ಉದ್ದು ರೂಪಾಯಿ ಲೆಕ್ಕದಲ್ಲಿ ಅಷ್ಟೇನೂ ಸೋಲಲಿಲ್ಲ.

ಮೊಳಕೆಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟಾಗ ಅಂಗಡಿಯ ಎರಡೂ ಬೀಜ ಚೆನ್ನಾಗಿ ಮೊಳೆತವು. ಊರ ಉದ್ದಿನಲ್ಲಿ ಕೆಲವು ಕಾಳು ನೀರನ್ನೇ ಹೀರದೆ ಕಲ್ಲಿನಂತೆ ಉಳಿದವು. ಸಿಪ್ಪೆ ನೀರನ್ನು ಒಳಗೆ ಬಿಡದ ಇಂಥ ಗಟ್ಟಿ ಬೀಜ ಸತ್ತ ಬೀಜವಲ್ಲ, ತಡವಾಗಿ ಮೊಳೆಯುತ್ತದೆ. ಪ್ರಮಾಣೀಕರಣದಲ್ಲಿ ಅದನ್ನೂ ಮೊಳಕೆಯ ಲೆಕ್ಕಕ್ಕೇ ಸೇರಿಸುತ್ತಾರೆ. ಆದರೆ ಪಸೆ ಆರುವ ಮೊದಲು ಎಲ್ಲವೂ ಒಟ್ಟಿಗೆ ಏಳಬೇಕಾದ ನಮ್ಮ ಗದ್ದೆಗೆ ತಡವಾಗಿ ಏಳುವ ಬೀಜದಿಂದ ಲಾಭವಿಲ್ಲ. ಇನ್ನೊಂದೆಡೆ, ಮಾರ್ಚಿನಲ್ಲಿ ಕೊಯ್ದ ಬೀಜ ನಮ್ಮ ನಾಲ್ಕು ತಿಂಗಳ ಮಳೆಗಾಲದ ತೇವವನ್ನು ದಾಟಿ ಬರಬೇಕು. ಉದ್ದಿನ ಬೀಜದ ತೇವಾಂಶ ಶೇಕಡಾ 9 ಮೀರಬಾರದು ಎಂಬ ನಿಯಮವಿದ್ದರೂ ಗೋಡೆಗೆ ಒರಗಿಸಿಟ್ಟ ಗೋಣಿಚೀಲ ಆಗಸ್ಟಿನಲ್ಲಿ ಆ ಮಿತಿಯೊಳಗೆ ಉಳಿಯುವುದು ಕಷ್ಟ. ಈ ಅಂಗಡಿಯಲ್ಲಿ ಚೀಲಗಳನ್ನು ನೆಲಕ್ಕೆ ತಾಗದಂತೆ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರದಲ್ಲಿ ಜೋಡಿಸಿದ್ದಾರೆ, ಗೊಬ್ಬರದ ಚೀಲಗಳನ್ನು ಬೇರೆ ಕೋಣೆಯಲ್ಲಿ ಇಟ್ಟಿದ್ದಾರೆ. ನನ್ನ ಮಟ್ಟಿಗೆ ಜರಡಿ ಹಿಡಿದದ್ದಕ್ಕಿಂತ ಇದು ಹೆಚ್ಚಿನ ಸೇವೆ.

ಸೇವೆಯ ಉಳಿದ ವಿಚಾರದಲ್ಲಿ ದೂರುವಂಥದ್ದು ಹೆಚ್ಚಿಲ್ಲ. ದರಪಟ್ಟಿ ಹೊರಗೆ ತೂಗುಹಾಕಿದ್ದಾರೆ, ಕೇಳದೆಯೇ ಲಾಟ್ ಸಂಖ್ಯೆ ನಮೂದಿಸಿದ ಬಿಲ್ಲು ಕೊಡುತ್ತಾರೆ; ಬೀಜ ಕೈಕೊಟ್ಟರೆ ದೂರು ಕೊಡಲು ಆ ಬಿಲ್ಲು ಮತ್ತು ಚೀಲದ ಚೀಟಿ ಬೇಕಾಗುವುದರಿಂದ ಎರಡನ್ನೂ ಕೊಯ್ಲಿನವರೆಗೆ ಇಟ್ಟುಕೊಳ್ಳಬೇಕು. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ, ಅಂದರೆ ರೈಜೋಬಿಯಂನ 200 ಗ್ರಾಮಿನ ಪೊಟ್ಟಣ ಸಿಗುತ್ತದೆ, ಆದರೆ ಬಿಸಿಲು ಬೀಳುವ ಕಪಾಟಿನಲ್ಲಿ ಇಟ್ಟಿದ್ದಾರೆ. ಜೀವಂತ ಬ್ಯಾಕ್ಟೀರಿಯಾ ಇರುವ ಮಾಲನ್ನು ಹಾಗೆ ಇಡಬಾರದು. ಅದನ್ನು ನಾನು ಬೇರೆ ಕಡೆಯಿಂದ ತಂದೆ.

ಒಟ್ಟಿನಲ್ಲಿ ನೀಲಿ ಚೀಟಿಯ ಚೀಲ ಕೊಟ್ಟ ಹಣಕ್ಕೆ ತಕ್ಕ ಮಾಲು. ಅದರಿಂದ ಜೊಳ್ಳು, ಒಡಕು, ಹುಳುಕು ತೆಗೆದಿರುವುದು ಸಾರ್ಥಕ. ಶೇಕಡಾ 98ರ ಶುದ್ಧತೆ, ತಳಿಯ ಹೆಸರು, ಪರೀಕ್ಷೆಯ ದಿನಾಂಕ ಎಲ್ಲವೂ ಚೀಟಿಯ ಮೇಲಿವೆ. ದಪ್ಪ ಕಾಳಿನ ಪೊಟ್ಟಣವನ್ನು ಡಿಸೆಂಬರ್ ದಾಟಿ, ಪಸೆ ಕಡಿಮೆಯಾದ ಗದ್ದೆಯಲ್ಲಿ ಬಿತ್ತುವವರು ಬೇಕಾದರೆ ಕೊಳ್ಳಬಹುದು. ಉಳಿದವರಿಗೆ ಅದು ಅನಗತ್ಯ ಖರ್ಚು. ಹಸಿರು ಚೀಟಿಯ ಮೇಲೆ ‘ಅಧಿಕ ಇಳುವರಿ’ ಎಂಬುದನ್ನು ಅಳಿಸಿ ‘ಟಿಎಯು-1’ ಎಂದು ಬರೆಯಿರಿ ಎಂದು ಅಂಗಡಿಯವರಿಗೆ ಹೇಳಿದ್ದೇನೆ. ಮುಂದಿನ ಅಚ್ಚಿನಲ್ಲಿ ತಳಿಯ ಹೆಸರು ಹಾಕುತ್ತೇವೆ ಎಂದಿದ್ದಾರೆ, ಇನ್ನೊಂದರ ಬಗ್ಗೆ ನಕ್ಕು ಸುಮ್ಮನಾದರು. ನೀಲಿ ಚೀಟಿಯ ಚೀಲಗಳು ಕೊಯ್ಲು ಮುಗಿದ ಕೆಲವೇ ದಿನಗಳಲ್ಲಿ ಖಾಲಿಯಾಗುತ್ತವೆ, ಆದ್ದರಿಂದ ಗದ್ದೆ ಉಳುವ ಮೊದಲೇ ಹೇಳಿಟ್ಟು ತರಿಸಿಕೊಳ್ಳುವುದು ಮೇಲು. ಅಲ್ಲಿ ಸಿಗದಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಬೀಜ ಬಂದಿದೆಯೇ ಎಂದು ವಿಚಾರಿಸಬಹುದು.